ಎರಡೂ ತೋಳಿನ ಬಿಪಿ ನೋಡಿ

ಮಾನ್ಯರೇ,

ಟಕಾಯಾಸು ಆರ್ಟೆರೈಟಿಸ್ ಎಂಬ ಅಪರೂಪದ ಕಾಯಿಲೆಯಲ್ಲಿ ಮಹಾಪಧಮನಿ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ) ಮತ್ತು ಅದರ ದೊಡ್ಡ ಕವಲುಗಳ ಗೋಡೆ ಉರಿಯೂತದಿಂದ ದಪ್ಪವಾಗಿ, ರಕ್ತ ಹರಿಯುವ ದಾರಿ ಕಿರಿದಾಗುತ್ತಾ ಹೋಗುತ್ತದೆ. 1908ರಲ್ಲಿ ಇದನ್ನು ವರದಿ ಮಾಡಿದವರು ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ಟಕಾಯಾಸು. ಹೆಚ್ಚಾಗಿ ತುತ್ತಾಗುವವರು 40 ದಾಟದ ಹೆಂಗಸರು. ಶುರುವಿನಲ್ಲಿ ಸಣ್ಣ ಜ್ವರ, ಸುಸ್ತು, ಕೀಲುನೋವು, ತೂಕ ಇಳಿಯುವುದು, ಇಷ್ಟೇ. ರಕ್ತಹೀನತೆಯೆಂದೋ ಮನಸ್ಸಿನ ಒತ್ತಡವೆಂದೋ ಹೇಳಿ ಕಳಿಸುವುದು ಸುಲಭ. ರೋಗಿಗಳು ಅತಿ ಹೆಚ್ಚು ನೊಂದು ಹೇಳಿಕೊಳ್ಳುವುದೂ ಇದನ್ನೇ.

ವೈದ್ಯರ ಕಷ್ಟವೂ ಸಣ್ಣದಲ್ಲ. ಸಾಮಾನ್ಯ ವೈದ್ಯರೊಬ್ಬರು ಇಂಥ ಒಬ್ಬ ರೋಗಿಯನ್ನೂ ಕಾಣದೆ ನಿವೃತ್ತರಾಗಬಹುದು. ಆದರೆ ಸುಳಿವು ಸಿಗಲು ದುಬಾರಿ ಯಂತ್ರ ಬೇಕಿಲ್ಲ. ಬಟ್ಟೆ ಒಗೆಯುವಾಗ, ತಲೆ ಬಾಚುವಾಗ ತೋಳು ಸೋತು ನೋಯುತ್ತದೆ ಎಂದರೆ ಎರಡೂ ಮಣಿಕಟ್ಟಿನ ನಾಡಿ ಹಿಡಿದು ನೋಡಬೇಕು, ಎರಡೂ ತೋಳಿನ ಬಿಪಿ ಅಳೆಯಬೇಕು. ಮೇಲಿನ ಅಂಕಿಯಲ್ಲಿ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕತ್ತಿಗೆ, ಕೊರಳೆಲುಬಿನ ಮೇಲೆ, ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ರಕ್ತದ ಸದ್ದು ಕೇಳಬೇಕು. ಕಿರಿದಾದ ನಾಳವಿರುವ ತೋಳಿನಲ್ಲಿ ಬಿಪಿ ಸುಳ್ಳೇ ಕಡಿಮೆ ತೋರಿಸುತ್ತದೆ. ಮೂತ್ರಪಿಂಡದ ನಾಳವೂ ಕಟ್ಟಿಕೊಂಡಿದ್ದರೆ ನಿಜವಾದ ಬಿಪಿ ಏರಿಯೇ ಇರುತ್ತದೆ, ಯಾರಿಗೂ ಗೊತ್ತಾಗದೆ ಹೃದಯ ದಣಿಯುತ್ತದೆ. ಎರಡೂ ತೋಳಿನ ನಾಳ ಕಿರಿದಾಗಿದ್ದರೆ, ಕಾಲಿನ ನಾಳಗಳು ಚೆನ್ನಾಗಿರುವವರಲ್ಲಿ ಕಾಲಿನಲ್ಲೇ ಅಳೆಯಬೇಕು.

ಚಿಕಿತ್ಸೆ ಶುರುವಾದ ಮೇಲೆ ವೈದ್ಯರು ಮತ್ತು ರೋಗಿಯ ನಡುವೆ ಇನ್ನೊಂದು ಬಿರುಕು. ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಸರಿಯಿದ್ದರೆ ರೋಗ ತಣ್ಣಗಿದೆ ಎಂದು ವೈದ್ಯರು ನಿರಾಳರಾಗುತ್ತಾರೆ. ಆದರೆ ರೋಗಿಗೆ ಏಳಲೂ ತ್ರಾಣವಿರುವುದಿಲ್ಲ. ಈ ಪರೀಕ್ಷೆಗಳು ಸರಿಯಿದ್ದಾಗಲೂ ನಾಳದ ಗೋಡೆಯಲ್ಲಿ ಉರಿಯೂತ ಮುಂದುವರಿಯಬಹುದು. ಅದಕ್ಕೇ ರಕ್ತನಾಳಗಳ ಚಿತ್ರ ತೆಗೆಯುವ ಎಂಆರ್ ಅಥವಾ ಸಿಟಿ ಆಂಜಿಯೋಗ್ರಾಂ ಬೇಕಾಗುವುದು. ಹಾಗೆಂದು ಎಲ್ಲ ಸುಸ್ತೂ ರೋಗ ಮರಳಿದ ಗುರುತಲ್ಲ, ಬರೀ ಅದಕ್ಕಾಗಿ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಏರಿಸುವುದೂ ತಪ್ಪು. ಹೊಸದಾಗಿ ತೋಳುನೋವು, ಕತ್ತುನೋವು, ತಲೆಸುತ್ತು, ಕಣ್ಣು ಮಂಜಾಗುವುದು ಯಾವ ದಿನ ಶುರುವಾಯಿತು ಎಂದು ರೋಗಿ ಬರೆದು ತಂದರೆ ಬರೀ ಸುಸ್ತನ್ನೂ ಮರಳಿದ ರೋಗವನ್ನೂ ಬೇರ್ಪಡಿಸಲು ನಿಜಕ್ಕೂ ನೆರವಾಗುತ್ತದೆ.

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಸಾಮಾನ್ಯವಾಗಿ ದಿನಕ್ಕೆ 40ರಿಂದ 60 ಮಿ.ಗ್ರಾಂನಲ್ಲಿ ಆರಂಭಿಸಿ ತಿಂಗಳುಗಟ್ಟಲೆ ಇಳಿಸುತ್ತಾರೆ, ಜೊತೆಗೆ ದೇಹದ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟಿನಂಥ ಔಷಧಿ. ಮುಖ ಊದಿತೆಂದು ಹೆದರಿ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಮೂಳೆ, ಸಕ್ಕರೆ, ಕಣ್ಣಿನ ತಪಾಸಣೆಯ ಮಾತನ್ನು ಮೊದಲ ಚೀಟಿ ಬರೆಯುವಾಗಲೇ ಆಡಬೇಕು. ಮಗುವಿನ ಯೋಚನೆ ಇದೆಯೇ ಎಂದೂ ಆಗಲೇ ಕೇಳಬೇಕು: ಮೆಥೊಟ್ರೆಕ್ಸೇಟ್ ಭ್ರೂಣಕ್ಕೆ ಹಾನಿಕರ, ಗರ್ಭ ಧರಿಸುವ ಕೆಲವು ತಿಂಗಳು ಮೊದಲೇ ವೈದ್ಯರು ಅದನ್ನು ನಿಲ್ಲಿಸಿ ಬೇರೆ ಔಷಧಿಗೆ ಬದಲಿಸಬೇಕಾಗುತ್ತದೆ.