ಶೇ 99ರ ಬೆಂಬಲವನ್ನು ಹೇಗೆ ಓದಬೇಕು?

ಮಾನ್ಯರೆ,

ಸರ್ವಾಧಿಕಾರಿಗಳಿಗೆ ಸಿಕ್ಕ ‘ಭಾರಿ ಜನಬೆಂಬಲ’ದ ಅಂಕಿಗಳು ಯಾವ ವಿವರಣೆಯೂ ಇಲ್ಲದೆ ಅಚ್ಚಾಗುವುದು ಬೇಸರದ ಸಂಗತಿ. ಪೂರ್ವ ಜರ್ಮನಿಯ 1989ರ ಮೇ ಚುನಾವಣೆಯಲ್ಲಿ ಅಧಿಕೃತ ಪಟ್ಟಿಗೆ ಬಿದ್ದದ್ದು ಶೇ 98.85 ಮತ ಎಂದು ಸರ್ಕಾರ ಸಾರಿತು. ಅಲ್ಲಿ ಮತಪತ್ರವನ್ನು ಮಡಚಿ ಪೆಟ್ಟಿಗೆಗೆ ಹಾಕಿದರೆ ಒಪ್ಪಿಗೆ. ಹೆಸರು ಹೊಡೆದುಹಾಕಲು ಪರದೆಯ ಹಿಂದೆ ಹೋದವರು ಎಲ್ಲರ ಕಣ್ಣಿಗೂ ಬೀಳುತ್ತಿದ್ದರು. ನವೆಂಬರ್ 9ಕ್ಕೆ ಬರ್ಲಿನ್ ಗೋಡೆಯೇ ತೆರೆಯಿತು.

ಹಾಗೆಂದು ಇಂಥ ಬೆಂಬಲವೆಲ್ಲ ಬರೀ ಭಯದ ಫಲವೂ ಅಲ್ಲ. ಅದನ್ನು ಅಳೆಯುವ ದಾರಿಯಿದೆ. ಒಂದು ಗುಂಪಿಗೆ ಮೂವರು ನಾಯಕರ ಹೆಸರು ಕೊಟ್ಟು, ಎಷ್ಟು ಜನರನ್ನು ಬೆಂಬಲಿಸುತ್ತೀರಿ ಎಂದಷ್ಟೇ ಕೇಳಬೇಕು; ಯಾರನ್ನು ಎಂದು ಕೇಳಬಾರದು. ಇನ್ನೊಂದು ಗುಂಪಿನ ಪಟ್ಟಿಗೆ ಆಳುವವನ ಹೆಸರನ್ನೂ ಸೇರಿಸಬೇಕು. ಸರಾಸರಿ 1.1 ಇದ್ದದ್ದು 1.8 ಆದರೆ ಅವನ ಬೆಂಬಲ ಶೇ 70. 2015ರ ಆರಂಭದಲ್ಲಿ ರಷ್ಯಾದಲ್ಲಿ ಹೀಗೆ ಕೇಳಿದಾಗ ಪುಟಿನ್ ಬೆಂಬಲ ಶೇ 80ರ ಆಸುಪಾಸಿಗೆ ಬಂತು. ನೇರ ಪ್ರಶ್ನೆಗೆ ಅದು ಶೇ 85ನ್ನೂ ಮೀರಿತ್ತು.

ಈ ವಿಧಾನಕ್ಕೂ ಮಿತಿಯಿದೆ. ನಾಲ್ವರನ್ನೂ ಬೆಂಬಲಿಸುವವರ ಅಥವಾ ಒಬ್ಬರನ್ನೂ ಒಪ್ಪದವರ ಗುಟ್ಟು ಉತ್ತರದಲ್ಲೇ ಬಯಲಾಗುತ್ತದೆ. ಎಣಿಸುವಾಗ ಜನ ಕಡಿಮೆ ಹೇಳುವುದೂ ಉಂಟು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಉತ್ತರಿಸಲೊಪ್ಪದೆ ಬಾಗಿಲು ಹಾಕಿಕೊಂಡವರು ಲೆಕ್ಕಕ್ಕೇ ಸಿಗುವುದಿಲ್ಲ.

ಆದ್ದರಿಂದ ಸಮೀಕ್ಷೆ ಮಾಡಿದವರು ಯಾರು, ಮನೆಗೆ ಹೋಗಿ ಕೇಳಿದರೋ ಫೋನಿನಲ್ಲೋ, ಎಷ್ಟು ಜನ ನಿರಾಕರಿಸಿದರು ಎಂಬುದನ್ನು ಅಂಕಿಯ ಪಕ್ಕದಲ್ಲೇ ದಯವಿಟ್ಟು ಪ್ರಕಟಿಸಿ.

– ಓರ್ವ ಓದುಗ