ಫೋಟೋದಲ್ಲಿ ನಾಲ್ಕು ಸ್ಟೇಜ್, ಕಾರ್ಟ್ರಿಜಲ್ಲಿ ಎರಡೇ: ಡಾಂಕಿ ಕಾಂಗ್ ಆರ್ಡರ್ ಬಗ್ಗೆ ದೂರು

ಕಸ್ಟಮರ್ ಕೇರ್‌ನವರಿಗೆ,

ನಿಮ್ಮ ಸೈಟಲ್ಲಿ ಅಟಾರಿ 2600 ಅನ್ನೋ ಹಳೇ ಟಿವಿ ಗೇಮ್ ಕನ್ಸೋಲಿಗೆ ಅಂತ ಹಾಕಿದ್ದ ಹಳೇ ಡಾಂಕಿ ಕಾಂಗ್ ಗೇಮಿನ ಕಾರ್ಟ್ರಿಜ್ (ಕನ್ಸೋಲಿಗೆ ಸಿಕ್ಕಿಸೋ ಗೇಮ್ ಡಬ್ಬಿ) ತಗೊಂಡಿದೀನಿ. ಲಿಸ್ಟಿಂಗಲ್ಲಿ "ಆರ್ಕೇಡ್ ಗೇಮ್ ಸೇಮ್ ಟು ಸೇಮ್, ಪೂರ್ತಿ 4 ಸ್ಟೇಜ್" ಅಂತ ದಪ್ಪಕ್ಷರದಲ್ಲಿ ಬರ್ದಿದೀರ, ಕೆಳಗಿರೋ ಫೋಟೋಗಳೂ 1981ರ ಆರ್ಕೇಡ್ ಮೆಷಿನ್ದೇ (ಕಾಸು ಹಾಕಿ ಆಡೋ ದೊಡ್ಡ ಮೆಷಿನ್), ಸಿಮೆಂಟ್ ತಟ್ಟೆಗಳು ಸಾಗೋ ಕನ್ವೇಯರ್ ಬೆಲ್ಟ್ ಸ್ಟೇಜೂ ಇದೆ, ಲಿಫ್ಟ್ ಸ್ಟೇಜೂ ಇದೆ. ಬಂದಿರೋ ಕಾರ್ಟ್ರಿಜಲ್ಲಿ ಅವೆರಡೂ ಇಲ್ಲ. ಮೊದ್ಲು ಬ್ಯಾರೆಲ್ ಉರುಳಿ ಬರೋ ಸ್ಟೇಜ್, ಆಮೇಲೆ ರಿವೆಟ್ ಕೀಳೋ ಸ್ಟೇಜ್, ಅದು ಮುಗಿದ್ರೆ ವಾಪಸ್ ಮೊದಲ್ನೇದೇ.

ಫೋನ್ ಮಾಡಿದ್ರೆ ನಿಮ್ಮ ಎಕ್ಸಿಕ್ಯುಟಿವ್ ಏನಂದ್ರು ಗೊತ್ತಾ, "ಸರ್ ಸ್ಕೋರ್ ಜಾಸ್ತಿ ಮಾಡಿ, ಮುಂದಿನ ಸ್ಟೇಜ್ ಅನ್‌ಲಾಕ್ ಆಗತ್ತೆ". ಅವ್ರ ಮಾತು ಕೇಳ್ಕೊಂಡು ನನ್ನ ಅಕ್ಕನ ಮಗ ಇಡೀ ಭಾನುವಾರ ಊಟಾನೂ ಬಿಟ್ಟು ಜಾಯ್‌ಸ್ಟಿಕ್ ಹಿಡ್ಕೊಂಡು ಕೂತಿದ್ದ, ಪಾಪ. ಅಮೆರಿಕದ ಆರ್ಕೇಡ್ ಮೆಷಿನಲ್ಲಿ ಸ್ಟೇಜ್‌ಗಳು ಆಮೇಲೆ ಸೇರೋದು ನಿಜ, ಅದೂ ಸ್ಕೋರಿಂದಲ್ಲ, ರೌಂಡ್ ಮುಗಿಸಿದ್ರೆ: ಮೊದಲ ರೌಂಡಲ್ಲಿ ಎರಡೇ ಸ್ಟೇಜ್, ಎರಡನೇ ರೌಂಡಲ್ಲಿ ಲಿಫ್ಟ್ ಸೇರತ್ತೆ, ಮೂರನೇದ್ರಲ್ಲಿ ಕನ್ವೇಯರ್ ಬೆಲ್ಟ್. ಆದ್ರೆ ನೀವು ಕಳ್ಸಿರೋದು ಕೊಲೆಕೋ ಕಂಪನಿ 1982ರಲ್ಲಿ ಮಾಡಿದ 4 ಕೆಬಿ ಕಾರ್ಟ್ರಿಜ್ ಸ್ವಾಮಿ, ಅದ್ರ ಚಿಪ್ಪಲ್ಲೇ ಇಲ್ದಿರೋ ಸ್ಟೇಜ್ ಎಷ್ಟು ಸ್ಕೋರ್ ಮಾಡಿದ್ರೆ ತಾನೆ ಬರತ್ತೆ?

ಇನ್ನೊಂದ್ಸಲ ಫೋನ್ ಮಾಡಿದಾಗ ಬೇರೆಯವ್ರು ಸಿಕ್ಕಿ ನಿಮ್ಮ ಕನ್ಸೋಲೇ ಕೆಟ್ಟಿರ್ಬೇಕು ಅಂದ್ರು. ನಂದು 2023ರಲ್ಲಿ ಬಂದ 2600 ಪ್ಲಸ್, ಅಂದ್ರೆ ಹಳೇ ಕಾರ್ಟ್ರಿಜ್ ಓಡಿಸೋ ಅದೇ ಅಟಾರಿಯ ಹೊಸ ಕನ್ಸೋಲ್, ಎಚ್‌ಡಿಎಂಐ ಹಾಕಿ ಟಿವಿಲಿ ಆಡೋದು, ಬೇರೆ ಕಾರ್ಟ್ರಿಜ್ ಎಲ್ಲಾ ಚೆನ್ನಾಗೇ ಓಡ್ತಿವೆ.

ಗೇಮ್ ಬಗ್ಗೆ ನಂಗೆ ತಕರಾರಿಲ್ಲ, ಇದನ್ನ ದಯವಿಟ್ಟು ಅರ್ಥ ಮಾಡ್ಕೊಳಿ. ಗೇಮಲ್ಲಿರೋ ಗೊರಿಲ್ಲಾ ಕಾಂಗ್ ನೋಡೋಕೆ ಬೇಕರಿ ಬಿಸ್ಕತ್ತಲ್ಲಿ ಮಾಡಿದ ಗೊಂಬೆ ಥರ ಇದಾನೆ, ನಗು ಬರತ್ತೆ, ಸರಿ. ಆದ್ರೆ ಹಳೇ ಅಟಾರಿ 2600 ಒಳಗಿರೋ ರ್‍ಯಾಮ್ ಬರೀ 128 ಬೈಟ್, ಅಷ್ಟ್ರಲ್ಲಿ ಗ್ಯಾರಿ ಕಿಚನ್ ಅನ್ನೋ ಪ್ರೋಗ್ರಾಮರ್ ಆ ಕಬ್ಬಿಣದ ತೊಲೆಗಳನ್ನ ಓರೆಯಾಗೇ ಉಳಿಸ್ಕೊಂಡಿದಾರೆ, ಏಣಿ, ಸುತ್ತಿಗೆ, ಉರುಳೋ ಬ್ಯಾರೆಲ್ ಎಲ್ಲಾ ಇದೆ. ಕೊಲೆಕೋದವ್ರು ತಮ್ಮದೇ ಕನ್ಸೋಲ್ ಕೊಲೆಕೋವಿಷನ್ ಮಾರಾಟ ಆಗ್ಲಿ ಅಂತ ಅಟಾರಿದನ್ನ ಬೇಕಂತ್ಲೇ ಕೆಡಿಸಿದ್ರು ಅಂತ ಒಂದು ಗಾಸಿಪ್ ಇದೆ, ಆ ತೊಲೆ ನೋಡಿದ್ರೆ ನಂಗಂತೂ ನಂಬಿಕೆ ಬರಲ್ಲ. ನೀವು ಇದನ್ನೇ ನೆಟ್ಟಗೆ ಬರ್ದು, ಇದೇ ಗೇಮಿನ ಫೋಟೋ ಹಾಕಿ ಮಾರಿದ್ರೆ ನನ್ನಂಥೋರು ತಗೋತಿದ್ರು, ಆದ್ರೆ ಈ ರೇಟಿಗಲ್ಲ. ಬೇರೆ ಮೆಷಿನಿನ ಫೋಟೋ ತೋರ್ಸಿ ಅದ್ರ ರೇಟ್ ಹಾಕೋದು ಮೋಸ ಅಲ್ದೆ ಇನ್ನೇನು.

"ಹಳೇ ಐಟಂ, ರಿಟರ್ನ್ ಇಲ್ಲ" ಅಂತ ಮೇಲ್ ಕಳ್ಸಿದೀರಲ್ಲ, ಕಾರ್ಟ್ರಿಜ್ ಮೇಲಿರೋ ಗೀರಿಗೆ, ಸ್ಟಿಕ್ಕರ್ ಹರ್ದಿರೋದಕ್ಕೆ ನಾನೇನಾದ್ರೂ ದೂರು ಕೊಟ್ನಾ? ಜಾಹೀರಾತಲ್ಲಿ ಹೇಳಿದ ಹಾಗೆ ವಸ್ತು ಇಲ್ದಿದ್ರೆ ವಾಪಸ್ ತಗೊಳಲ್ಲ ಅನ್ನೋ ಹಾಗಿಲ್ಲ, 2020ರ ಇ-ಕಾಮರ್ಸ್ ನಿಯಮದಲ್ಲೇ ಇದೆ. ದೂರು ಬಂದ 48 ಗಂಟೆ ಒಳಗೆ ಬಂದಿದೆ ಅಂತ ತಿಳಿಸ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು ಅಂತಾನೂ ಇದೆ.

ಹಾಗಾಗಿ ಎರಡ್ರಲ್ಲಿ ಒಂದು ಮಾಡಿ. ಇದೇ ಕಾರ್ಟ್ರಿಜ್ ಬೇರೆ ಕಡೆ ಏನ್ ರೇಟಿಗೆ ಹೋಗ್ತಿದೆ ನೋಡಿ ಮಿಕ್ಕಿದ ದುಡ್ಡು ವಾಪಸ್ ಕೊಡಿ, ಕಾರ್ಟ್ರಿಜ್ ನಾನೇ ಇಟ್ಕೋತೀನಿ, ಹುಡುಗಂಗೆ ಇಷ್ಟ ಆಗಿದೆ. ಅದಾಗಲ್ಲ ಅಂದ್ರೆ ಪೂರ್ತಿ ದುಡ್ಡು ಕೊಟ್ಟು ನಿಮ್ಮ ಖರ್ಚಲ್ಲೇ ಪಿಕಪ್ ಮಾಡಿಸ್ಕೊಳಿ. ಸ್ಟೋರ್ ಕ್ರೆಡಿಟ್, ಕೂಪನ್ ಅದೆಲ್ಲಾ ಬೇಡ. ಮತ್ತೆ ಆ ಲಿಸ್ಟಿಂಗ್ ಇವತ್ತು ಬೆಳಗ್ಗೆ ನೋಡಿದಾಗ್ಲೂ ಹಾಗೇ ಇತ್ತು, ಆ ಫೋಟೋಗಳನ್ನ ಮೊದ್ಲು ತೆಗೀರಿ. ಲಿಸ್ಟಿಂಗ್ ಸ್ಕ್ರೀನ್‌ಶಾಟು, ಎರಡು ಸ್ಟೇಜ್ ಮುಗಿದು ಮೊದಲ್ನೇದಕ್ಕೆ ವಾಪಸ್ ಹೋಗೋ ವಿಡಿಯೋ ಎರಡೂ ಅಟ್ಯಾಚ್ ಮಾಡಿದೀನಿ. ಉತ್ತರ ಮೇಲಲ್ಲೇ ಕೊಡಿ, ಫೋನ್ ಬೇಡ. ತಿಂಗಳೊಳಗೆ ಏನೂ ಆಗ್ಲಿಲ್ಲ ಅಂದ್ರೆ 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಲಿ ದೂರು ಹಾಕ್ತೀನಿ.

ಇಂತಿ,
ನಿಮ್ಮ ಗ್ರಾಹಕ