ಕ್ರೋಶಾ ಕಡ್ಡಿಯನ್ನು ಒಳಗೆ ಬಿಡಿ

ಮಾನ್ಯ ಸಂಪಾದಕರೇ,

ಯಜಮಾನರ ಡಯಾಲಿಸಿಸ್‌ಗೆಂದು ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗುತ್ತೇವೆ. ಒಂದು ಸಲಕ್ಕೆ ನಾಲ್ಕು ಗಂಟೆ. ಮೊದಮೊದಲು ಸುಮ್ನೆ ಗೋಡೆ ನೋಡುತ್ತಾ ಕೂರುತ್ತಿದ್ದೆ. ಇಲ್ಲದ್ದೆಲ್ಲ ತಲೆಗೆ ಬರುತ್ತಿತ್ತು. ಒಂದು ದಿನ ದಾರ ಹೆಣೆಯುವ ಅಮ್ಮನ ಹಳೇ ಕ್ರೋಶಾ ಕಡ್ಡಿ, ಒಂದುಂಡೆ ಬಿಳಿ ದಾರ ಚೀಲಕ್ಕೆ ಹಾಕಿಕೊಂಡೆ. ದಾರ ಸುತ್ತು, ಕೊಕ್ಕೆಯಲ್ಲಿ ಎಳೆ, ಕುಣಿಕೆ ದಾಟಿಸು. ಹನ್ನೆರಡು ಸರಪಳಿ ಕುಣಿಕೆ ಹಾಕಿ ಉಂಗುರ ಮಾಡುವಷ್ಟರಲ್ಲಿ ಎದೆ ಹಗುರಾಗಿರುತ್ತದೆ. ಲೆಕ್ಕ ತಪ್ಪಿದರೆ ಬಿಚ್ಚಿ ಮತ್ತೆ ಹಾಕುವುದು. ದಾರವೇನೂ ಹಾಳಾಗುವುದಿಲ್ಲ, ಅಲ್ವಾ? ಬಾಗಿಲಿಗೆ ತೋರಣ ಆಗಿದೆ. ಟಿವಿಗೆ ಹೊದಿಕೆ ಮಾತ್ರ ಬೇಡಮ್ಮಾ ಅಂತ ಮಗಳು ಕೈಮುಗಿದಿದ್ದಾಳೆ!

1840ರ ದಶಕದ ಬರಗಾಲದಲ್ಲಿ ಐರ್ಲೆಂಡಿನ ಹೆಂಗಸರು ಕ್ರೋಶಾ ಲೇಸ್ ಮಾರಿ ಸಂಸಾರ ಸಾಕಿದ್ದರು. ನನಗೆ ದುಡ್ಡು ಬೇಡ, ಆ ನಾಲ್ಕು ಗಂಟೆ ಕಳೆದರೆ ಸಾಕು.

ಆದರೆ ಕಳೆದ ವಾರ ಗೇಟಿನಲ್ಲಿ ‘ಚೂಪಾಗಿದೆ’ ಎಂದು ಕಡ್ಡಿ ತೆಗೆದಿಟ್ಟುಕೊಂಡರು. ಅದರ ತುದಿ ಬಾಗಿದ್ದು, ಸೂಜಿಯಂತಲ್ಲ. ಆಸ್ಪತ್ರೆಗಳವರು ದಯವಿಟ್ಟು ಅದನ್ನು ಒಳಗೆ ಬಿಡಲಿ. ಪಕ್ಕದ ಕುರ್ಚಿಯ ಅಜ್ಜಿಗೆ ಅರ್ಧ ಹೂವು ಕಲಿಸಿದ್ದೇನೆ, ಇನ್ನರ್ಧ ಬಾಕಿಯಿದೆ.

– ಒಬ್ಬ ಗೃಹಿಣಿ, ಶಿವಮೊಗ್ಗ